ಸ್ಟಾರ್ಟ್ ಆಗಿ ಆರಿಹೋಗುತ್ತಿದ್ದ ಎಂಜಿನ್

ಒಂದು ವಾರದಿಂದ ನನ್ನ ಪೆಟ್ರೋಲ್ ಕಾರು ಸ್ಟಾರ್ಟ್ ಆಗಿ, ಮೂರೇ ಸೆಕೆಂಡಿನಲ್ಲಿ ನಡುಗಿ ನಿಲ್ಲುತ್ತಿತ್ತು. ಮೊದಲು ಬ್ಯಾಟರಿಯನ್ನು ಬೈದೆ. ಅದು ನನ್ನ ದಡ್ಡತನ. ಸ್ಟಾರ್ಟರ್ ಗಟ್ಟಿಯಾಗಿ ತಿರುಗುತ್ತಿರುವಾಗ ಬ್ಯಾಟರಿಯದೇನು ತಪ್ಪು? ಕೀಲಿ ತಿರುಗಿಸಿದಾಗ ಪೆಟ್ರೋಲ್ ಪಂಪಿನ ಸಣ್ಣ ಗುಂಯ್‌ ಸದ್ದೂ ಕೇಳಿಸುತ್ತಿತ್ತು.

ಸುಳಿವು ಸಿಕ್ಕಿದ್ದು ಆಕಸ್ಮಿಕವಾಗಿ. ಆಕ್ಸಿಲರೇಟರನ್ನು ತುಸು ಒತ್ತಿ ಹಿಡಿದರೆ ಎಂಜಿನ್ ಓಡುತ್ತಲೇ ಇತ್ತು, ಕಾಲು ತೆಗೆದರೆ ಆರುತ್ತಿತ್ತು. ಅಂದರೆ ಪೆಟ್ರೋಲ್ ಬರುತ್ತಿದೆ, ಕಿಡಿಯೂ ಹೊತ್ತುತ್ತಿದೆ, ಸಾಲದಿರುವುದು ಗಾಳಿ. ಏರ್ ಫಿಲ್ಟರಿನಿಂದ ಬರುವ ಕೊಳವೆಯನ್ನು ಬಿಚ್ಚಿದೆ. ಆಕ್ಸಿಲರೇಟರ್ ಒತ್ತಿದಾಗ ತೆರೆದು ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ತಟ್ಟೆಯ ಅಂಚಿನ ಸುತ್ತ ಕಾಡಿಗೆಯಂತೆ ಅಂಟಂಟಾದ ಮಸಿ! ಕಾಲು ತೆಗೆದಾಗ ಗಾಳಿ ನುಸುಳಬೇಕಾದ ಕೂದಲೆಳೆಯಷ್ಟು ಸಂದು ಪೂರ್ತಿ ಮುಚ್ಚಿಹೋಗಿತ್ತು.

ಬ್ಯಾಟರಿಯ ತಂತಿ ಕಳಚಿ, ಥ್ರಾಟಲ್ ಕ್ಲೀನರನ್ನು ಬಟ್ಟೆಗೆ ಸಿಂಪಡಿಸಿ ಒರೆಸಿದೆ. ಮೋಟರಿನಿಂದ ತಿರುಗುವ ಎಲೆಕ್ಟ್ರಾನಿಕ್ ಥ್ರಾಟಲ್ ಇದ್ದರೆ ತಟ್ಟೆಯನ್ನು ಬೆರಳಿನಿಂದ ಬಲವಂತವಾಗಿ ತಿರುಗಿಸಬಾರದು, ಒಳಗಿನ ಹಲ್ಲುಚಕ್ರ ಕೆಡಬಹುದು. ನಾಲ್ಕು ಬಟ್ಟೆ ಕಪ್ಪಾದವು.

ಮತ್ತೆ ಸ್ಟಾರ್ಟ್ ಮಾಡಿದಾಗ ಎಂಜಿನ್ ನಿಮಿಷಕ್ಕೆ 1,500 ಸುತ್ತಿನಲ್ಲಿ ಅಬ್ಬರಿಸಿತು. ಕೆಡಿಸಿಬಿಟ್ಟೆನೇ ಎಂದು ಎದೆ ಧಸಕ್ಕೆಂದಿತು. ಶುದ್ಧವಾದ ಥ್ರಾಟಲಿಗೆ ಕಾರಿನ ಕಂಪ್ಯೂಟರ್ ಹೊಂದಿಕೊಳ್ಳಲು ಹತ್ತು ನಿಮಿಷ ಬೇಕಾಯಿತು, ಅಷ್ಟೇ. ಈಗ 750ರಲ್ಲಿ ಸದ್ದಿಲ್ಲದೆ ಓಡುತ್ತಿದೆ. ಕೊಳವೆಯ ಕ್ಲಿಪ್ ಮಾತ್ರ ಎಂಜಿನ್ ಸಂದಿಗೆ ಉರುಳಿದ್ದು ಇನ್ನೂ ಸಿಕ್ಕಿಲ್ಲ, ಹೊಸದನ್ನು ಹಾಕಿದ್ದೇನೆ.