ಹಂಚಿನ ಮುದ್ರೆಗೆ ಟೋಕನ್: ನಾವು ಮಾಡಿದ ಬಗೆ

ಎನ್‌ಎಫ್‌ಟಿ ಅಂದರೆ ಬ್ಲಾಕ್‌ಚೈನ್ ಎಂಬ, ಹಲವು ಕಂಪ್ಯೂಟರುಗಳಲ್ಲಿ ಒಟ್ಟಿಗೆ ಇಡುವ ಸಾರ್ವಜನಿಕ ದಾಖಲೆಯಲ್ಲಿ ಬರೆಯುವ ಒಡೆತನದ ಗುರುತು. ಆ ಟೋಕನ್‌ನೊಳಗೆ ಸಾಮಾನ್ಯವಾಗಿ ಚಿತ್ರ ಇರುವುದಿಲ್ಲ. ಅಲ್ಲಿರುವುದು ಮೂರೇ: ಟೋಕನ್ ಸಂಖ್ಯೆ, ಅದು ಯಾವ ವ್ಯಾಲೆಟ್‌ನಲ್ಲಿದೆ, ಅಂದರೆ ಯಾರ ಡಿಜಿಟಲ್ ಖಾತೆಯಲ್ಲಿದೆ ಎಂಬ ದಾಖಲೆ, ವಿವರದ ಕಡತ ಎಲ್ಲಿದೆ ಎಂದು ತೋರಿಸುವ ಒಂದು ಕೊಂಡಿ. ಆರ್‌ಟಿಸಿಯಲ್ಲಿ ಹೆಸರಿರುತ್ತದೆ, ಗದ್ದೆ ಬೇರೆ ಕಡೆ ಇರುತ್ತದೆ. ಇಲ್ಲಿ ಗದ್ದೆ ಉಂಟೋ ಇಲ್ಲವೋ ಎಂಬುದನ್ನೂ ಮಾರುವವನೇ ಬರೆದು ಕೊಡಬೇಕು. ಹಳೆ ಹಂಚಿನ ಮುದ್ರೆಗೆ ಟೋಕನ್ ಮಾಡಿ ಮಾರುವ ಕೆಲಸ ಹಿಡಿದ ಮೇಲೆ ನಮಗೆ ಅತಿ ಹೆಚ್ಚು ಹೊತ್ತು ತಿಂದದ್ದು ಈ ಬರವಣಿಗೆಯೇ, ಕಂಪ್ಯೂಟರ್ ಕೆಲಸ ಅಲ್ಲ.

ಜನ ಏನೇನೋ ಮಾರಿದ್ದಾರೆ. ಟ್ವಿಟರ್ ಸ್ಥಾಪಕರಲ್ಲೊಬ್ಬರಾದ ಜ್ಯಾಕ್ ಡಾರ್ಸಿಯ ಮೊದಲ ಟ್ವೀಟ್ 2021ರ ಮಾರ್ಚಿನಲ್ಲಿ ಸುಮಾರು 29 ಲಕ್ಷ ಡಾಲರಿಗೆ ಹೋಯಿತು. ಕೊಂಡವರು ಮರುವರ್ಷ ಅದಕ್ಕೆ 4.8 ಕೋಟಿ ಡಾಲರ್ ಕೇಳಿದರು. ಗಡುವಿನ ಹೊತ್ತಿಗೆ ಬಂದ ದೊಡ್ಡ ಕೂಗು 280 ಡಾಲರ್ ಆಸುಪಾಸು. ನ್ಯೂಯಾರ್ಕಿನ ಅಲೆಕ್ಸ್ ರಾಮಿರೆಜ್-ಮಾಲಿಸ್ ಒಂದು ವರ್ಷದ ಹೂಸಿನ ಸದ್ದು ರೆಕಾರ್ಡ್ ಮಾಡಿ ಮಾರಾಟಕ್ಕಿಟ್ಟರು, ಬಿಡಿ ಸದ್ದೊಂದಕ್ಕೆ ಸುಮಾರು 85 ಡಾಲರ್ ಬಂತು. ಇಂಡೋನೇಷ್ಯಾದ ವಿದ್ಯಾರ್ಥಿ ಘೊಜಾಲಿ 2017ರಿಂದ 2021ರವರೆಗೆ ಕಂಪ್ಯೂಟರ್ ಮುಂದೆ ಕೂತು ತೆಗೆದುಕೊಂಡ 933 ಸೆಲ್ಫಿಗಳನ್ನು 2022ರ ಜನವರಿಯಲ್ಲಿ ಮಾರಿದ. ಟೆನಿಸ್ ಆಟಗಾರ್ತಿ ಒಲೆಕ್ಸಾಂಡ್ರಾ ಒಲಿನಿಕೋವಾ ಮಾರಿದ್ದು ತನ್ನ ತೋಳಿನ ಮೇಲೆ ಹಚ್ಚೆ ಹಾಕಿಸುವ ಜಾಗ. ಇವುಗಳಲ್ಲಿ ನಮಗೆ ಗಟ್ಟಿ ಎನಿಸುವುದು ಕೊನೆಯದು. ಕೊಂಡವರಿಗೆ ಏನು ಸಿಗುತ್ತದೆ ಎಂಬುದು ಅಲ್ಲಿ ಅಳತೆಗೆ ಸಿಗುತ್ತದೆ.

ನಮ್ಮ ಊರಿನಲ್ಲಿ ಅಳತೆಗೆ ಸಿಗುವ ವಸ್ತು ಯಾವುದು ಎಂದು ಹುಡುಕಿದರೆ ಮಂಗಳೂರು ಹಂಚು. 1865ರಲ್ಲಿ ಬಾಸೆಲ್ ಮಿಷನ್ ಇಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿತು. ಆಮೇಲೆ ಬಂದ ಕಾರ್ಖಾನೆಗಳೂ ಅಡಿಬದಿಯಲ್ಲಿ ತಮ್ಮ ಹೆಸರು, ಗುರುತು ಒತ್ತುತ್ತಿದ್ದವು. ಹಳೆ ಮನೆ ಕೆಡವಿದ ಕಡೆ, ಗುಜರಿಯಲ್ಲಿ ಇವು ರಾಶಿ ಬಿದ್ದಿರುತ್ತವೆ. ನಾವು ಬೇರೆ ಬೇರೆ ಅಚ್ಚಿನ 24 ಹಂಚು ಆರಿಸಿದೆವು. ಇಂದಿಗೂ ನಡೆಯುವ ಕಾರ್ಖಾನೆಯ ಗುರುತು ಇದ್ದದ್ದನ್ನು ಮುಟ್ಟಲಿಲ್ಲ, ಅದು ಅವರ ಟ್ರೇಡ್‌ಮಾರ್ಕ್.

ಇಲ್ಲಿ ಎಲ್ಲರೂ ಬೀಳುವ ಗುಂಡಿ ಒಂದುಂಟು. ಹಂಚಿನ ಮೇಲೆ 1865 ಎಂದಿದ್ದರೆ ಅದು ಕಾರ್ಖಾನೆ ಹುಟ್ಟಿದ ವರ್ಷ, ಹಂಚು ಸುಟ್ಟ ವರ್ಷ ಅಲ್ಲ. ‘1865ರ ಹಂಚು’ ಎಂದು ಬರೆದರೆ ಸುಳ್ಳು ಮಾರಿದಂತೆ. ‘ಮುದ್ರೆಯಲ್ಲಿ 1865 ಎಂದಿದೆ’ ಎಂದು ಬರೆಯಬೇಕು.

ತೊಳೆಯುವುದಕ್ಕೆ ನೀರು, ತೆಂಗಿನ ನಾರು, ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ತಂತಿ ಬ್ರಷ್ ಹಾಕಿದರೆ ಅಕ್ಷರದ ಅಂಚು ಹೋಗುತ್ತದೆ. ಟಾಯ್ಲೆಟ್ ತೊಳೆಯುವ ಆ್ಯಸಿಡ್ ಹಾಕಿದರೆ ಹಾವಸೆ ಬೇಗ ಬಿಡುತ್ತದೆ, ಒಣಗಿದ ಮೇಲೆ ಬಿಳಿ ಕಲೆ ಏಳುತ್ತದೆ, ಆ ಕಲೆ ಸುಲಭಕ್ಕೆ ಹೋಗುವುದಿಲ್ಲ. ಬಿಸಿಲಲ್ಲಿ ಎರಡು ದಿನ ಒಣಗಿಸಬೇಕು. ಮಳೆ ಸುರಿಯುವ ಆಟಿ ತಿಂಗಳಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಒದ್ದೆ ಹಂಚಿನ ಬಣ್ಣ ಗಾಢವಾಗಿ ಬರುತ್ತದೆ, 24ರಲ್ಲಿ ಒಂದಕ್ಕೊಂದು ಹೊಂದುವುದಿಲ್ಲ.

ಫೋಟೊಕ್ಕೆ ಎದುರಿನಿಂದ ಬೆಳಕು ಬಿಟ್ಟರೆ ಮುದ್ರೆ ಕಾಣುವುದೇ ಇಲ್ಲ, ಕೆಂಪು ಮಣ್ಣಿನ ಮೇಲೆ ಕೆಂಪು ಅಕ್ಷರ. ಕೋಣೆ ಕತ್ತಲು ಮಾಡಿ, ಹಂಚನ್ನು ಮೇಜಿನ ಮೇಲೆ ಮಲಗಿಸಿ, ಕ್ಯಾಮೆರಾ ನೇರ ಮೇಲಿಂದ ಸ್ಟ್ಯಾಂಡಿಗೆ ಕಟ್ಟಿ, ಒಂದೇ ಒಂದು ಎಲ್‌ಇಡಿ ದೀಪವನ್ನು ಪಕ್ಕದಿಂದ 10-15 ಡಿಗ್ರಿ ಓರೆಯಲ್ಲಿ ಹಿಡಿದೆವು. ಹಂಚು, ಕ್ಯಾಮೆರಾ ಎರಡೂ ಅಲ್ಲಾಡಬಾರದು, ದೀಪ ಮಾತ್ರ ಸುತ್ತಬೇಕು. ಎಂಟು ದಿಕ್ಕಿನಿಂದ ಎಂಟು ಫೋಟೊ. ಟೋಕನ್‌ಗೆ ಹಾಕುವ ಮುಖ್ಯ ಚಿತ್ರಕ್ಕೆ ಎಡ ಮೇಲ್ಮೂಲೆಯಿಂದ ಬೆಳಕು ಬಂದದ್ದನ್ನೇ ಆರಿಸಿದೆವು. ಕೆಳಗಿನಿಂದ ಬೆಳಕು ಬಿದ್ದರೆ ಕಣ್ಣು ಮೋಸ ಹೋಗುತ್ತದೆ, ಉಬ್ಬು ತಗ್ಗಾಗಿಯೂ ತಗ್ಗು ಉಬ್ಬಾಗಿಯೂ ಕಾಣುತ್ತದೆ. ಚೌಕಟ್ಟಿನೊಳಗೆ ಸ್ಕೇಲ್ ಇರಲಿ. ಉದ್ದ, ಅಗಲ, ತೂಕ ಬರೆದಿಡಿ. ನಮ್ಮವು ಹೆಚ್ಚಿನವು ಎರಡೂವರೆ ಕಿಲೋ ಆಸುಪಾಸು.

ಮೂಲ ಟಿಫ್ ಕಡತ ನಮ್ಮಲ್ಲೇ ಉಳಿಯಿತು. ಮೇಲೇರಿಸಿದ್ದು 3000 ಪಿಕ್ಸೆಲ್ ಅಗಲದ ಜೆಪೆಗ್. ಮೂಲ ಕಡತದ ಶಾ-256 ಬೆರಳಚ್ಚನ್ನು, ಅಂದರೆ ಕಡತ ಚೂರು ಬದಲಾದರೂ ತಾನೂ ಬದಲಾಗುವ ಲೆಕ್ಕದ ಗುರುತನ್ನು, ವಿವರದಲ್ಲಿ ಸೇರಿಸಿದೆವು. ನಾಳೆ ಯಾರಾದರೂ ಕೇಳಿದರೆ ಟಿಫ್ ತೋರಿಸಿ ತಾಳೆ ನೋಡಬಹುದು.

ಕಡತ ಎಲ್ಲಿ ಇಡುವುದು ಎಂಬಲ್ಲಿ ಕಂಜೂಸಿತನ ಬೇಡ. ಎಫ್‌ಟಿಎಕ್ಸ್ ಎಂಬ ಕ್ರಿಪ್ಟೊ ನಾಣ್ಯಗಳ ವಿನಿಮಯ ಕೇಂದ್ರ 2022ರ ನವೆಂಬರಿನಲ್ಲಿ ಮುಳುಗಿತು. ಅಲ್ಲಿ ಮಾಡಿದ ಎನ್‌ಎಫ್‌ಟಿಗಳ ಚಿತ್ರ, ವಿವರ ಅವರ ಸರ್ವರ್‌ನಲ್ಲೇ ಇದ್ದವು. ಟೋಕನ್ ವ್ಯಾಲೆಟ್‌ನಲ್ಲಿ ಉಳಿಯಿತು, ಚಿತ್ರದ ಜಾಗ ಖಾಲಿ. ಭದ್ರತಾ ತಜ್ಞ ಮಾಕ್ಸಿ ಮಾರ್ಲಿನ್‌ಸ್ಪೈಕ್ ಇದೇ ದೌರ್ಬಲ್ಯ ತೋರಿಸಲೆಂದೇ ಒಂದು ಟೋಕನ್ ಮಾಡಿದ್ದರು. ಓಪನ್‌ಸೀ ಎಂಬ ಎನ್‌ಎಫ್‌ಟಿ ಮಾರುಕಟ್ಟೆಯಲ್ಲಿ ಒಂದು ಚಿತ್ರ, ರ್‍ಯಾರಿಬಲ್ ಎಂಬ ಮಾರುಕಟ್ಟೆಯಲ್ಲಿ ಇನ್ನೊಂದು, ಕೊಂಡು ವ್ಯಾಲೆಟ್‌ಗೆ ತಂದರೆ ಮಲದ ಇಮೋಜಿ. ಕೊಂಡಿ ಸಾಮಾನ್ಯ ವೆಬ್ ವಿಳಾಸವಾಗಿದ್ದರೆ ಆ ವಿಳಾಸ ಯಾರ ಕೈಯಲ್ಲಿದೆಯೋ ಅವರಿಗೆ ಇದು ಸಾಧ್ಯ.

ಆದ್ದರಿಂದ ಐಪಿಎಫ್‌ಎಸ್, ಕಡತಗಳನ್ನು ಒಂದೇ ಸರ್ವರ್‌ನಲ್ಲಿ ಇಡದೆ ಹಲವು ಕಂಪ್ಯೂಟರುಗಳಲ್ಲಿ ಇಡುವ ಜಾಲ. ಅಲ್ಲಿ ವಿಳಾಸ ಹುಟ್ಟುವುದೇ ಕಡತದ ಒಳಗಿನಿಂದ. ಒಂದು ಪಿಕ್ಸೆಲ್ ಬದಲಾದರೂ ಸಿಐಡಿ ಎಂಬ ಆ ವಿಳಾಸ ಬದಲಾಗುತ್ತದೆ. ಕ್ರಮ ಹೀಗೆ: ಮೊದಲು 24 ಚಿತ್ರದ ಫೋಲ್ಡರ್ ಏರಿಸಿ ಸಿಐಡಿ ತೆಗೆದುಕೊಳ್ಳಿ. ಅದನ್ನು 24 ಜೇಸನ್ ಕಡತಗಳ, ಅಂದರೆ ಪ್ರತಿ ಟೋಕನ್‌ನ ವಿವರ ಬರೆದ ಕಡತಗಳ, ‘ಇಮೇಜ್’ ಸಾಲಿನಲ್ಲಿ ಹಾಕಿ. ಆಮೇಲೆ ಜೇಸನ್ ಫೋಲ್ಡರ್ ಏರಿಸಿ ಎರಡನೇ ಸಿಐಡಿ ಪಡೆಯಿರಿ, ಟೋಕನ್ ಹುಟ್ಟಿಸುವ ‘ಕಾಂಟ್ರ್ಯಾಕ್ಟ್’ ಎಂಬ ಪ್ರೋಗ್ರಾಮಿಗೆ ಹೋಗುವುದು ಇದು. ಚಿತ್ರ ಬದಲಿಸಬೇಕೆಂದು ಆಮೇಲೆ ಅನಿಸಿದರೆ ಮೊದಲಿನಿಂದ ಎಲ್ಲವೂ.

ಐಪಿಎಫ್‌ಎಸ್‌ಗೆ ಹಾಕಿದರೆ ಶಾಶ್ವತ ಎಂಬ ನಂಬಿಕೆ ತಪ್ಪು. ಯಾರಾದರೂ ‘ಪಿನ್’ ಮಾಡಿ ಇಟ್ಟುಕೊಂಡಿದ್ದರೆ ಮಾತ್ರ ಕಡತ ಸಿಗುತ್ತದೆ. ನಾವು ಎರಡು ಪಿನ್ನಿಂಗ್ ಸೇವೆಗಳಲ್ಲಿ, ಜೊತೆಗೆ ಮನೆಯ ಒಂದು ಹಳೆ ಕಂಪ್ಯೂಟರಿನಲ್ಲಿ ಇಟ್ಟಿದ್ದೇವೆ. ಒಮ್ಮೆ ದುಡ್ಡು ಕೊಟ್ಟು ಇಡುವ ಆರ್‌ವೀವ್‌ನಲ್ಲೂ ಒಂದು ಪ್ರತಿ ಉಂಟು.

ಜೇಸನ್‌ನಲ್ಲಿ ಕನ್ನಡ ಬರೆಯುವಾಗ ಮೂರು ಕಡೆ ಎಡವಿದೆವು. ಮೊಬೈಲ್ ಕೀಬೋರ್ಡ್ ತಾನಾಗಿ ಬಾಗಿದ ಉದ್ಧರಣ ಚಿಹ್ನೆ ಹಾಕುತ್ತದೆ, ಜೇಸನ್‌ಗೆ ನೇರ ಚಿಹ್ನೆಯೇ ಬೇಕು, ಇಲ್ಲವಾದರೆ ಇಡೀ ಕಡತ ಓದುವುದಿಲ್ಲ. ಯುಟಿಎಫ್-8 ಅಲ್ಲದೆ ಬೇರೆ ರೂಪದಲ್ಲಿ ಸೇವ್ ಆದರೆ ಅಕ್ಷರದ ಬದಲು ಚೌಕಗಳು. ಒತ್ತಕ್ಷರ ಬಿಡಿಸಲು ಹಾಕುವ ಕಣ್ಣಿಗೆ ಕಾಣದ ಚಿಹ್ನೆ ಒಂದು ಹೆಸರಿನಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಹುಡುಕಾಟದಲ್ಲಿ ಅರ್ಧ ಹಂಚು ಮಾಯ. ಟಿಮ್ ಬರ್ನರ್ಸ್-ಲೀ ವೆಬ್‌ನ ಮೂಲ ಕೋಡನ್ನು 2021ರಲ್ಲಿ ಸೋದೆಬಿಯಲ್ಲಿ ಹರಾಜು ಹಾಕಿದಾಗ, 54 ಲಕ್ಷ ಡಾಲರಿನ ಆ ಟೋಕನ್‌ನ ವಿಡಿಯೊದಲ್ಲೂ ಕೋನಾವರಣ ಚಿಹ್ನೆಗಳು ತಪ್ಪಾಗಿ ಮೂಡಿದ್ದವು. ಹಾಗಾಗಿ ಮೊದಲು ಪರೀಕ್ಷೆಗೆಂದೇ ಇರುವ ಬ್ಲಾಕ್‌ಚೈನ್ ಜಾಲದಲ್ಲಿ ಎಲ್ಲ 24ನ್ನೂ ಮಿಂಟ್ ಮಾಡಿ, ಅಂದರೆ ಟೋಕನ್ ಆಗಿ ಹುಟ್ಟಿಸಿ, ಒಂದೊಂದನ್ನೂ ತೆರೆದು ನೋಡಿ.

ನಿಜವಾದ ಮಿಂಟ್‌ಗೆ ಪಾಲಿಗಾನ್ ಎಂಬ ಬ್ಲಾಕ್‌ಚೈನ್ ಜಾಲ ಆರಿಸಿದೆವು. ಎಥೀರಿಯಮ್ ಮುಖ್ಯ ಜಾಲದಲ್ಲಿ ರಶ್ ಇದ್ದ ದಿನ ಒಂದು ಮಿಂಟ್‌ಗೆ ಸಾವಿರಗಟ್ಟಲೆ ರೂಪಾಯಿ ‘ಗ್ಯಾಸ್’, ಅಂದರೆ ಜಾಲದ ಶುಲ್ಕ, ಹೋದದ್ದುಂಟು. ಹಂಚಿನ ಬೆಲೆಗಿಂತ ಲಾರಿ ಬಾಡಿಗೆಯೇ ದುಬಾರಿ ಆದ ಹಾಗೆ. ಕಾಂಟ್ರ್ಯಾಕ್ಟ್‌ಗೆ ಓಪನ್‌ಝೆಪ್ಲಿನ್ ಎಂಬವರ ಸಿದ್ಧ ಕೋಡ್, ಇಆರ್‌ಸಿ-721 ಎಂಬ ಎನ್‌ಎಫ್‌ಟಿ ಮಾದರಿಯದ್ದು, ಜೊತೆಗೆ ಟೋಕನ್ ‘ಸುಡುವ’ (ಶಾಶ್ವತವಾಗಿ ಇಲ್ಲವಾಗಿಸುವ) ಸೌಲಭ್ಯ, 24ರ ಮಿತಿ. ಅದು ಮೂಲ ವಿಳಾಸದ ಬಾಲಕ್ಕೆ ಟೋಕನ್ ಸಂಖ್ಯೆ ಅಂಟಿಸುತ್ತದೆ, ಅಷ್ಟೆ. ಮೂಲ ವಿಳಾಸದ ಕೊನೆಗೆ ಓರೆಗೀಟು ಮರೆತರೆ ಸಿಐಡಿಯೂ ಸಂಖ್ಯೆಯೂ ಕೂಡಿಕೊಂಡು ಯಾವ ಕಡತವೂ ಸಿಗುವುದಿಲ್ಲ. ಕಡತದ ಹೆಸರು ಬರೀ ‘1’, ‘2’ ಎಂದಿರಬೇಕು, ಬಾಲದಲ್ಲಿ ‘.ಜೇಸನ್’ ಇದ್ದರೂ ಸಿಗದು. ಚಿತ್ರ ಕಾಣುತ್ತಿಲ್ಲ ಎಂದು ನಮ್ಮಲ್ಲಿಗೆ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಇವೆರಡೇ.

ಗ್ಯಾಸ್‌ಗೆ ಬೇಕಾದ ಪಾಲ್ ನಾಣ್ಯವನ್ನು ಕೆವೈಸಿ ಇರುವ ಭಾರತೀಯ ವಿನಿಮಯ ಕೇಂದ್ರದಲ್ಲಿ ಕೊಂಡು ಮೆಟಾಮಾಸ್ಕ್ ಎಂಬ ವ್ಯಾಲೆಟ್‌ಗೆ ಕಳಿಸುವಾಗ ಜಾಲದ ಹೆಸರು ಪಾಲಿಗಾನ್ ಎಂದೇ ಇದೆಯೋ ನೋಡಿ. ಮೊದಲು ಸಣ್ಣ ಮೊತ್ತ ಕಳಿಸಿ. ವ್ಯಾಲೆಟ್‌ನ ಕೀಲಿಯಾದ 12 ಪದಗಳ ಗುಟ್ಟು ಮೊಬೈಲಿನಲ್ಲಿ ಫೋಟೊ ಆಗಿ ಇರಬಾರದು. ಕಾಗದವೇ ಸರಿ, ಆದರೆ ಕರಾವಳಿಯಲ್ಲಿ ಕಾಗದಕ್ಕೆ ಬೂಷ್ಟು, ಗೆದ್ದಲು ಎರಡೂ ಶತ್ರು, ಜೆಲ್ ಪೆನ್ನಿನ ಶಾಯಿ ಒಂದೇ ಮಳೆಗಾಲಕ್ಕೆ ಹರಡುತ್ತದೆ. ಪೆನ್ಸಿಲಿನಲ್ಲಿ ಬರೆದು, ಬಿಗಿ ಮುಚ್ಚಳದ ಸ್ಟೀಲ್ ಡಬ್ಬದಲ್ಲಿ, ಒಂದು ಪ್ರತಿ ಮಂಗಳೂರಿನಲ್ಲಿ, ಒಂದು ಉಡುಪಿಯಲ್ಲಿ. ಕೇಳದೆ ವ್ಯಾಲೆಟ್‌ಗೆ ಬಂದು ಬೀಳುವ ಟೋಕನ್‌ಗಳನ್ನು ಒತ್ತಬೇಡಿ. ‘ಎಲ್ಲದಕ್ಕೂ ಅನುಮತಿ’ ಕೇಳುವ ಸಹಿಯೊಂದು ಸಾಕು, ಆ ಸಂಗ್ರಹ ಪೂರ್ತಿ ಖಾಲಿ ಮಾಡಲಿಕ್ಕೆ.

ಹಂಚು ಬಿಟ್ಟು ಸದ್ದನ್ನು ಟೋಕನ್ ಮಾಡಬಹುದೇ ಎಂದೂ ನೋಡಿದೆವು. ಮಲ್ಪೆ ಬಂದರಿನ ಮೀನಿನ ಏಲಂ ಕೂಗು ಕೇಳಲು ಚಂದ. ಆದರೆ ಹಿಂದೆ ಯಾರದೋ ಮೊಬೈಲಿನಲ್ಲಿ ಸಿನಿಮಾ ಹಾಡು ಸೇರಿಕೊಂಡರೆ ಆ ರೆಕಾರ್ಡಿಂಗ್ ಮಾರಲಿಕ್ಕೆ ಬಾರದು, ಕೂಗುವವರ ಒಪ್ಪಿಗೆಯೂ ಬರಹದಲ್ಲಿ ಬೇಕು. ಯಕ್ಷಗಾನದ್ದಾದರೆ ಇನ್ನೂ ಬಿಕ್ಕಟ್ಟು: ಭಾಗವತರು, ಚೆಂಡೆ-ಮದ್ದಳೆಯವರು, ವೇಷಧಾರಿಗಳು, ಎಲ್ಲರಿಗೂ ಪ್ರದರ್ಶಕರ ಹಕ್ಕುಂಟು. ಕೃತಿಸ್ವಾಮ್ಯ ಬರೆಸಿಕೊಳ್ಳುವ ಪತ್ರದಲ್ಲಿ ಅವಧಿ ಹೇಳದಿದ್ದರೆ 1957ರ ಕಾಯ್ದೆ ಪ್ರಕಾರ ಐದೇ ವರ್ಷ, ಪ್ರದೇಶ ಹೇಳದಿದ್ದರೆ ಭಾರತಕ್ಕೆ ಮಾತ್ರ. ಜಗತ್ತಿನ ಎಲ್ಲೆಡೆ ಸುತ್ತುವ ಟೋಕನ್‌ಗೆ ಇದು ಸಾಲದು. ಭೂತಕೋಲದ ಫೋಟೊ ಕೇಳಿದವರಿದ್ದಾರೆ. ಅದನ್ನು ಮಾಡುವುದಿಲ್ಲ, ಚರ್ಚೆಯೂ ಇಲ್ಲ. ಮಟ್ಟುಗುಳ್ಳ ಬದನೆಗೊಂದು ಟೋಕನ್ ಮಾಡಿ ಎಂದವರಿಗೆ, ವಾರದೊಳಗೆ ಸಾಂಬಾರಾಗುವ ವಸ್ತುವಿಗೆ ಬೇಡ ಎಂದೆವು.

ಇನ್ನು ತೆರಿಗೆ. 2022ರ ಏಪ್ರಿಲ್ 1ರಿಂದ ಇಂಥ ಡಿಜಿಟಲ್ ಆಸ್ತಿಯ ಲಾಭಕ್ಕೆ 30%, ತೆರಿಗೆಯ ಮೇಲೆ 4% ಸೆಸ್. ಕೊಂಡ ಬೆಲೆ ಬಿಟ್ಟು ಬೇರೆ ಖರ್ಚು ಕಳೆಯುವಂತಿಲ್ಲ, ಒಂದರ ನಷ್ಟ ಇನ್ನೊಂದರ ಲಾಭಕ್ಕೆ ಹೊಂದಿಸುವಂತಿಲ್ಲ. ಅದೇ ವರ್ಷ ಜುಲೈ 1ರಿಂದ 1% ಟಿಡಿಎಸ್. ಆದರೆ 2022ರ ಜೂನ್ 30ರ ಅಧಿಸೂಚನೆಯ ಪ್ರಕಾರ, ಟೋಕನ್ ಜೊತೆ ಕೈಗೆ ಸಿಗುವ ವಸ್ತುವಿನ ಒಡೆತನವೂ ಕಾನೂನಿನಂತೆ ದಾಟುವುದಾದರೆ ಅದು ಈ ವ್ಯಾಖ್ಯೆಯಿಂದ ಹೊರಗೆ. ಅಂದರೆ ಹಂಚು ಜೊತೆಗೆ ಹೋಗುತ್ತದೋ ಇಲ್ಲವೋ ಎಂಬುದರ ಮೇಲೆ ಲೆಕ್ಕವೇ ಬೇರೆ. ಆಡಿಟರ್ ಹತ್ತಿರ ಕರಡು ಪತ್ರ ತೋರಿಸಿಯೇ ಮಿಂಟ್ ಮಾಡಿ.

ನಾವು 12ನ್ನು ಚಿತ್ರ ಮಾತ್ರ ಎಂದೂ 12ನ್ನು ಹಂಚು ಸಮೇತ ಎಂದೂ ವಿಂಗಡಿಸಿದೆವು. ಚಿತ್ರದ್ದಕ್ಕೆ: ಸ್ವಂತ ಬಳಕೆಗೆ ಮುದ್ರಿಸಬಹುದು, ವ್ಯಾಪಾರಕ್ಕೆ ಇಲ್ಲ, ಕೃತಿಸ್ವಾಮ್ಯ ನಮ್ಮದೇ. ಹಂಚಿನದ್ದಕ್ಕೆ: ಟೋಕನ್ ಯಾರಲ್ಲಿದೆಯೋ ಹಂಚು ಅವರದು, ನಾವು ಇಟ್ಟುಕೊಂಡಿರುವವರು ಮಾತ್ರ, ಹಂಚು ಬೇಕೆಂದರೆ ಟೋಕನ್ ಸುಡಬೇಕು, ಕಳಿಸುವುದು ಭಾರತದೊಳಗೆ ಮಾತ್ರ. ನೂರು ವರ್ಷ ದಾಟಿದ, ಇತಿಹಾಸದ ಬೆಲೆಯುಳ್ಳ ವಸ್ತು 1972ರ ಪ್ರಾಚ್ಯವಸ್ತು ಕಾಯ್ದೆಯಡಿ ಬರಬಹುದು, ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ಹಂಚಿನ ವರ್ಷ ಖಚಿತವಿಲ್ಲದಾಗ ಗಡಿ ದಾಟಿಸದಿರುವುದೇ ಕ್ಷೇಮ. ಮರುಮಾರಾಟದಲ್ಲಿ ಪಾಲು ಸಿಗುವ ರಾಯಲ್ಟಿಯ ಆಸೆ ಇಟ್ಟುಕೊಳ್ಳಲಿಲ್ಲ. ಓಪನ್‌ಸೀ 2023ರಲ್ಲೇ ಅದನ್ನು ಐಚ್ಛಿಕ ಮಾಡಿತು.

24ರಲ್ಲಿ ಹೋದದ್ದು 11, ಅದರಲ್ಲಿ ಎಂಟು ಹಂಚು ಸಮೇತದವು. ಕೊಂಡವರು ಹೆಚ್ಚಿನವರು ಊರು ಬಿಟ್ಟು ಬೆಂಗಳೂರು, ಮುಂಬಯಿಯಲ್ಲಿ ಇರುವವರು.

ಕೊರಿಯರ್‌ಗೆ ಬರೀ ಬಬಲ್ ರ್‍ಯಾಪ್ ಸಾಲದು, ಹಂಚಿನ ಮೂಲೆ ಮೊದಲು ಮುರಿಯುತ್ತದೆ. ನಾಲ್ಕು ಮೂಲೆಗೂ ದಪ್ಪ ಥರ್ಮೊಕೋಲ್ ಕತ್ತರಿಸಿ ಟೋಪಿ ಹಾಕಿ, ಒಳಪೆಟ್ಟಿಗೆಯಲ್ಲಿ ನಿಲ್ಲಿಸಿ, ಒಳಪೆಟ್ಟಿಗೆಗೂ ಹೊರಪೆಟ್ಟಿಗೆಗೂ ನಡುವೆ ಎರಡು ಇಂಚು ಒಣ ಬೈಹುಲ್ಲು ತುಂಬಿ. ಮಲಗಿಸಿದರೆ ಮೇಲೆ ಭಾರ ಬಿದ್ದಾಗ ನಡು ಸೀಳುತ್ತದೆ. ಟೋಕನ್ ಸುಡುವುದು ಪೆಟ್ಟಿಗೆ ಬಿಚ್ಚಿ ನೋಡಿದ ಮೇಲೆ, ಕಳಿಸುವ ಮೊದಲಲ್ಲ. ಒಡೆದು ಮುಟ್ಟಿದರೆ ಫೋಟೊ ತರಿಸಿಕೊಂಡು ಹಣ ವಾಪಸ್, ಟೋಕನ್ ನಮ್ಮ ವ್ಯಾಲೆಟ್‌ಗೆ ವಾಪಸ್, ಅಲ್ಲಿಂದ ನಾವೇ ಸುಡುತ್ತೇವೆ. ಜೇಸನ್ ತಿದ್ದಲು ಬರುವುದಿಲ್ಲವಾದ್ದರಿಂದ ಅದರೊಳಗೆ ‘ಹಂಚು ಅಖಂಡವಾಗಿದೆ’ ಎಂದು ಬರೆದಿಲ್ಲ. ‘ಫೋಟೊ ತೆಗೆದ ದಿನ ಅಖಂಡವಾಗಿತ್ತು’ ಎಂದು ಬರೆದು, ಪಕ್ಕದಲ್ಲಿ ತಾರೀಕು ಹಾಕಿದ್ದೇವೆ.