ಮಗುವಿನ ಅಂಗಿ ಎತ್ತಿ ನೋಡಿ: ಎಳೆಮಕ್ಕಳ ಉಸಿರಾಟ ಗಮನಿಸುವ ನನ್ನ ಕ್ರಮ

ಚಳ್ಳಕೆರೆ ಕಡೆಯ ಹಟ್ಟಿಗಳಿಗೆ ಮನೆಭೇಟಿಗೆ ಹೋದಾಗ ತಾಯಂದಿರು ಮೊದಲು ಹೇಳುವುದು ಸದ್ದಿನ ಮಾತು. "ಸಿಸ್ಟರ್, ಮಗೀಗೆ ಎದೆ ಗೊರಗೊರ ಅಂತೈತೆ." ಸದ್ದು ಮಾಡದೆ ಮಲಗಿರುವ ಮಗುವನ್ನು ಯಾರೂ ಎತ್ತಿ ತಂದು ತೋರಿಸುವುದಿಲ್ಲ. ಉಪಕೇಂದ್ರದ ಕೆಲಸದಲ್ಲಿ ನನ್ನನ್ನು ಹೆಚ್ಚು ಹೆದರಿಸುವುದು ಅಂಥ ಮಗುವೇ. ಮೊದಲ ಕೆಲವು ತಿಂಗಳು ಕೂಸು ಬಹುಪಾಲು ಮೂಗಿನಿಂದಲೇ ಉಸಿರಾಡುತ್ತದೆ. ಸಣ್ಣ ಮೂಗಿನಲ್ಲಿ ಎರಡು ಹನಿ ಸಿಂಬಳ ನಿಂತರೂ ಮನೆಗೆಲ್ಲ ಕೇಳುವಷ್ಟು ಗೊರಗೊರ ಬರುತ್ತದೆ. ಮೊಲೆ ಚೆನ್ನಾಗಿ ಕುಡಿದು, ಉಸಿರಿನ ಎಣಿಕೆ ಸರಿಯಿದ್ದು, ಪಕ್ಕೆ ಒಳಗೆ ಹೋಗದಿದ್ದರೆ ಅದು ಬರೀ ನೆಗಡಿ. ನಿಜವಾದ ಅಪಾಯ ಕೆಳಪಕ್ಕೆಯಲ್ಲಿ ಕಾಣುತ್ತದೆ, ಸದ್ದಿಲ್ಲದೆ.

ಹೋದ ಕೂಡಲೇ ನಾನು ಮಗುವನ್ನು ಮುಟ್ಟುವುದಿಲ್ಲ. ತೂಕ, ಥರ್ಮಾಮೀಟರ್ ಎಲ್ಲ ಆಮೇಲೆ. ಮುಟ್ಟಿದರೆ ಅಳುತ್ತದೆ, ಅತ್ತರೆ ಎಣಿಕೆ ಕೆಟ್ಟಿತು. ತಾಯಿಯ ಮಡಿಲಲ್ಲೇ ಬಿಟ್ಟು, ಕೂತು ಕೇಳುತ್ತೇನೆ: "ಹಾಲು ಎಷ್ಟೊತ್ತು ಕುಡೀತೈತಮ್ಮಾ? ನಡುವೆ ಬಿಟ್ಟು ಬಿಟ್ಟು ಉಸಿರು ತಗಂತೈತಾ?" ಈ ಪ್ರಶ್ನೆಗೆ ಸಿಗುವ ಉತ್ತರ ಯಾವ ಉಪಕರಣಕ್ಕೂ ಕಡಿಮೆಯಲ್ಲ. ಚೀಪುವುದು, ನುಂಗುವುದು, ಉಸಿರಾಡುವುದು ಮೂರನ್ನೂ ಕೂಸು ಒಟ್ಟಿಗೆ ಹೊಂದಿಸಬೇಕು. ಉಸಿರಿಗೇ ಕಷ್ಟವಾದಾಗ ಅದು ಮೊದಲು ಬಿಡುವುದು ಮೊಲೆಯನ್ನು. ನಿನ್ನೆವರೆಗೆ ಕುಡಿಯುತ್ತಿದ್ದ ಮಗು ಇವತ್ತು ನಾಲ್ಕು ಗುಟುಕಿಗೆ ಬಾಯಿ ಬಿಡುತ್ತಿದೆ ಎಂದರೆ ಉಳಿದದ್ದನ್ನು ನೋಡುವ ಮೊದಲೇ ನನ್ನ ಮನಸ್ಸು ಆಂಬ್ಯುಲೆನ್ಸ್ ಕಡೆ ಹೋಗಿರುತ್ತದೆ. ಕುಡಿಯುವಾಗ ಹಣೆಯಲ್ಲಿ ಬೆವರು ಮೂಡುತ್ತದೆ, ಹುಟ್ಟಿದಾಗಿನಿಂದ ತೂಕವೂ ಏರುತ್ತಿಲ್ಲ ಎಂದರೆ ಹೃದಯದ ತೊಂದರೆಯ ಅನುಮಾನವನ್ನೂ ಬರೆದು ಕಳಿಸುತ್ತೇನೆ.

ಆಮೇಲೆ ಅಂಗಿ. ಚಳಿಗಾಲದಲ್ಲಿ ಇಲ್ಲಿನ ಕೂಸುಗಳಿಗೆ ಸ್ವೆಟರ್ ಮೇಲೆ ಸ್ವೆಟರ್, ಅದರ ಮೇಲೆ ಬಿಗಿಯಾಗಿ ಸುತ್ತಿದ ಬಟ್ಟೆ. ಬಟ್ಟೆಯ ಮೇಲಿಂದ ಉಸಿರು ಎಣಿಸಿದರೆ ಆ ಅಂಕಿಗೆ ಬೆಲೆಯಿಲ್ಲ. ಬಾಣಂತಿ ಕೋಣೆ ಕತ್ತಲಾಗಿದ್ದರೆ ತಾಯಿಯನ್ನು ಬಾಗಿಲ ಬಳಿ, ಗಾಳಿ ಬೀಸದ ಮಗ್ಗುಲಿಗೆ ಕೂರಿಸಿ, ಎದೆಯಿಂದ ಹೊಕ್ಕುಳವರೆಗೆ ಮಾತ್ರ ಬಟ್ಟೆ ಎತ್ತಿಸುತ್ತೇನೆ. ತಲೆ, ಕಾಲು ಬೆಚ್ಚಗೇ ಇರಲಿ.

ಎಣಿಸುವುದು ಪೂರ್ತಿ 60 ಸೆಕೆಂಡು. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿದರೆ ಒಂದು ಉಸಿರಿನ ತಪ್ಪು ನಾಲ್ಕಾಗುತ್ತದೆ. ಅದಲ್ಲದೆ ನವಜಾತ ಶಿಶು ಒಂದೇ ಸಮ ಉಸಿರಾಡುವುದಿಲ್ಲ. ಸ್ವಲ್ಪ ಹೊತ್ತು ಬೇಗ ಬೇಗ, ನಡುವೆ ಕೆಲವು ಸೆಕೆಂಡು ನಿಂತು, ಮತ್ತೆ ಶುರು. ಈ ಚಿಕ್ಕ ತಡೆಗಳು ಸಹಜ. 20 ಸೆಕೆಂಡು ನಿಂತರೆ, ಅಥವಾ ಅಷ್ಟಾಗದಿದ್ದರೂ ನಿಂತಾಗ ಮೈ ನೀಲಿಗಟ್ಟಿದರೆ, ತುರ್ತು. ಗಡಿಯಾರ ನೋಡುತ್ತ ಎಣಿಸಬೇಡಿ, ಕಣ್ಣು ಹೊಟ್ಟೆಯಿಂದ ಆಚೆ ಹೋದಾಗ ಎರಡು ಉಸಿರು ತಪ್ಪಿರುತ್ತದೆ. ನಾನು ಮೊಬೈಲಿನಲ್ಲಿ ಒಂದು ನಿಮಿಷದ ಟೈಮರ್ ಇಟ್ಟು, ಅದು ಕೂಗುವವರೆಗೆ ಹೊಟ್ಟೆ ಏರುವುದನ್ನೇ ನೋಡುತ್ತೇನೆ. ಒಮ್ಮೆ ಏರಿ ಇಳಿದರೆ ಒಂದು. ಹೊಸ ಆಶಾ ಕಾರ್ಯಕರ್ತೆಯರು ಏರಿದ್ದನ್ನು ಒಂದು, ಇಳಿದದ್ದನ್ನು ಇನ್ನೊಂದು ಎಂದು ಎಣಿಸಿ 90 ಬರೆದುಕೊಳ್ಳುವುದುಂಟು.

ಎರಡು ತಿಂಗಳು ತುಂಬದ ಮಗುವಿಗೆ ನಿಮಿಷಕ್ಕೆ 60 ಅಥವಾ ಹೆಚ್ಚು, 2 ತಿಂಗಳಿಂದ ವರ್ಷ ತುಂಬುವವರೆಗೆ 50 ಅಥವಾ ಹೆಚ್ಚು, 1 ವರ್ಷದಿಂದ 5 ವರ್ಷದವರೆಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರಾಟ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು ಬಂದರೆ ಒಮ್ಮೆ ಮತ್ತೆ ಎಣಿಸಲೇಬೇಕು. ಎರಡನೆಯ ಸಲವೂ 60 ಅಥವಾ ಹೆಚ್ಚು ಬಂದರೆ ಮಾತ್ರ ಲೆಕ್ಕಕ್ಕೆ. ವಯಸ್ಸು ತಪ್ಪಿದರೆ ತೀರ್ಮಾನವೂ ತಪ್ಪುತ್ತದೆ: 11 ತಿಂಗಳ ಮಗುವಿಗೆ 46 ಸರಿ, 13 ತಿಂಗಳಿನದಕ್ಕೆ 46 ಹೆಚ್ಚು. ಹಾಗಾಗಿ "ಒಂದ್ ವರ್ಷ ಇರಬೌದು" ಎಂಬ ಮಾತನ್ನು ನಂಬದೆ ತಾಯಿ ಕಾರ್ಡ್ ತೆಗೆಸುತ್ತೇನೆ. ಜ್ವರವಿದ್ದರೂ ಉಸಿರು ವೇಗವಾಗುತ್ತದೆ. ಎರಡು ತಿಂಗಳು ದಾಟಿದ ಮಗುವಿಗೆ ಬೇರೆ ಯಾವ ಅಪಾಯದ ಚಿಹ್ನೆಯೂ ಇಲ್ಲದಿದ್ದರೆ, ತೂಕದ ಪ್ರತಿ ಕಿಲೋಗೆ 15 ಮಿ.ಗ್ರಾಂನಂತೆ ಪ್ಯಾರಸಿಟಮಾಲ್ ಕೊಟ್ಟು, ಜ್ವರ ಇಳಿದ ಮೇಲೆ ಮತ್ತೆ ಎಣಿಸುತ್ತೇನೆ. ಪಕ್ಕೆ ಸೆಳೆಯುತ್ತಿದ್ದರೆ ಜ್ವರ ಇಳಿಯಲೆಂದು ಕಾಯುವುದಿಲ್ಲ.

ಪಕ್ಕೆ ಸೆಳೆತವನ್ನು ಹೇಳಿ ತಿಳಿಸುವುದು ಕಷ್ಟ, ಒಮ್ಮೆ ಕಂಡರೆ ಮರೆಯುವುದಿಲ್ಲ. ಆರೋಗ್ಯವಂತ ಮಗು ಉಸಿರು ಒಳಗೆ ಎಳೆದಾಗ ಎದೆಯೂ ಹೊಟ್ಟೆಯೂ ಒಟ್ಟಿಗೆ ಮೇಲೇಳುತ್ತವೆ. ಸೆಳೆತವಿದ್ದರೆ ಹೊಟ್ಟೆ ಉಬ್ಬುವ ಕ್ಷಣದಲ್ಲೇ ಪಕ್ಕೆಲುಬಿನ ಕೆಳ ಅಂಚು ಒಳಕ್ಕೆ ಹೋಗುತ್ತದೆ, ಗುಳಿ ಬೀಳುತ್ತದೆ. ಶ್ವಾಸಕೋಶ ಗಟ್ಟಿಯಾದಾಗ ಅದನ್ನು ಹಿಗ್ಗಿಸಲು ಮಗು ಬಲವಾಗಿ ಎಳೆಯುತ್ತದೆ, ಇನ್ನೂ ಮೆತ್ತಗಿರುವ ಎದೆಗೂಡು ಆ ಎಳೆತಕ್ಕೆ ಒಳಗೆ ಬಾಗುತ್ತದೆ. ಇಲ್ಲಿ ಮೋಸ ಹೋಗುವುದು ಸುಲಭ. ಮಗು ಮಡಿಲಲ್ಲಿ ಮಡಿಚಿಕೊಂಡು ಕೂತಿದ್ದರೆ ಹೊಟ್ಟೆಯ ಮಡಿಕೆಯೇ ಸೆಳೆತದಂತೆ ಕಾಣುತ್ತದೆ; ನೆಟ್ಟಗೆ ಮಲಗಿಸಿ ನೋಡಬೇಕು. ಅಳುವಾಗ, ಹಾಲು ಕುಡಿಯುವಾಗ ಮಾತ್ರ ಕಂಡರೆ ಲೆಕ್ಕಕ್ಕಿಲ್ಲ. ಎರಡು ತಿಂಗಳೊಳಗಿನ ಕೂಸಿಗೆ ಎದೆಗೂಡು ತೀರಾ ಮೆದು, ಅಲ್ಪಸ್ವಲ್ಪ ಸೆಳೆತ ಸಹಜ. ಆಳವಾಗಿ, ದೂರದಿಂದಲೇ ಕಾಣುವಂತಿದ್ದರೆ ಗಂಭೀರ. ಅನುಮಾನ ಬಂದರೆ ಮಗು ಸಮಾಧಾನಗೊಳ್ಳುವವರೆಗೆ ಕಾದು ಮತ್ತೆ ನೋಡುತ್ತೇನೆ.

ಮೂಗಿನ ಹೊಳ್ಳೆ ಪ್ರತಿ ಉಸಿರಿಗೂ ಅರಳುವುದು, ಉಸಿರಿನ ಜೊತೆ ತಲೆ ಮೇಲೆ ಕೆಳಗೆ ಆಡುವುದು, ಉಸಿರು ಬಿಡುವಾಗ "ಹ್ಞ... ಹ್ಞ..." ಎಂದು ನರಳುವುದು, ಇವೆಲ್ಲ ಮಗು ತನ್ನ ಶಕ್ತಿಯನ್ನೆಲ್ಲ ಉಸಿರಿಗೇ ಸುರಿಯುತ್ತಿರುವ ಗುರುತು. ನರಳುವುದನ್ನು ಹೊಟ್ಟೆನೋವೆಂದು ತಿಳಿದು ಬಜೆ ತೇದು ನೆಕ್ಕಿಸುತ್ತ ಕೂರುವ ಮನೆಗಳಿವೆ. ಸದ್ದು ಯಾವಾಗ ಬರುತ್ತದೆ ಎಂದೂ ಗಮನಿಸಬೇಕು. ಉಸಿರು ಬಿಡುವಾಗ ಸುಂಯ್ ಎಂಬ ಸಿಳ್ಳೆಯಂಥ ಸದ್ದು ಶ್ವಾಸಕೋಶದೊಳಗಿನ ಸಣ್ಣ ಕೊಳವೆಗಳದು. ಎಳೆದುಕೊಳ್ಳುವಾಗ ಕರ್ಕಶ ಸದ್ದು ಬಂದರೆ ತೊಂದರೆ ಗಂಟಲಿನ ಬಳಿ. ಅದು ಮಗು ಸುಮ್ಮನಿರುವಾಗಲೂ ಕೇಳಿದರೆ ಬಾಯಿಗೆ ಚಮಚ, ಬೆರಳು ಏನೂ ಹಾಕದೆ ತಕ್ಷಣ ಕಳಿಸಬೇಕು. ಇನ್ನು, ಬೆಳಗ್ಗೆ 70 ಇದ್ದದ್ದು ಮಧ್ಯಾಹ್ನ 40ಕ್ಕೆ ಇಳಿಯಿತು, ಸದ್ದೂ ಕಡಿಮೆಯಾಯಿತು, ಆದರೆ ಮಗು ಕಣ್ಣು ಬಿಡುತ್ತಿಲ್ಲ ಎಂದರೆ ಅದು ಗುಣವಾಗಿದ್ದಲ್ಲ, ಸೋತಿದ್ದು.

ಬಣ್ಣವನ್ನು ಉಗುರಿನಲ್ಲಿ ನೋಡುವುದಿಲ್ಲ. ಹೊಸ ಕೂಸಿನ ಕೈಕಾಲು ಚಳಿಗೆ ನೀಲಿಯಾಗುವುದು ಸಾಮಾನ್ಯ. ನಾಲಿಗೆ, ತುಟಿಯ ಒಳಭಾಗ ನೋಡಬೇಕು. ರಕ್ತ ತೀರಾ ಕಡಿಮೆಯಿರುವ ಮಕ್ಕಳಲ್ಲಿ ನೀಲಿ ಬಹಳ ತಡವಾಗಿ ಕಾಣುತ್ತದೆ, ಆದ್ದರಿಂದ ನಾಲಿಗೆ ನೀಲಿಯಿಲ್ಲ ಎಂದು ಸಮಾಧಾನಪಡುವಂತಿಲ್ಲ. ರಕ್ತದ ಆಕ್ಸಿಜನ್ ಅಳೆಯುವ ಪಲ್ಸ್ ಆಕ್ಸಿಮೀಟರ್ ಇದ್ದರೆ ಕೂಸಿಗೆ ಪಾದಕ್ಕೆ ಸುತ್ತುವ ಚಿಕ್ಕ ಪ್ರೋಬ್ ಬೇಕು. ದೊಡ್ಡವರ ಬೆರಳಿನ ಕ್ಲಿಪ್ ಸಡಿಲವಾಗಿ ಕೂತು ಸುಳ್ಳು ಅಂಕಿ ಕೊಡುತ್ತದೆ. ಪಾದ ತಣ್ಣಗಿದ್ದರೆ ಅಂಗೈಯಲ್ಲಿ ಬೆಚ್ಚಗೆ ಮಾಡಿ, ನಾಡಿಯ ಅಂಕಿ ಏರಿಳಿಯದೆ ಸ್ಥಿರವಾದ ಮೇಲಷ್ಟೇ ಓದುತ್ತೇನೆ. ಆಕ್ಸಿಜನ್ನಿನ ಅಂಕಿ 90ಕ್ಕಿಂತ ಕಡಿಮೆಯಿದ್ದರೆ ಮಗುವಿಗೆ ಆಕ್ಸಿಜನ್ ಬೇಕೇ ಬೇಕು.

ಶೇಂಗಾ ಬಿಡಿಸುವ ದಿನಗಳಲ್ಲಿ ಇನ್ನೊಂದನ್ನು ತಪ್ಪದೆ ಕೇಳುತ್ತೇನೆ: ಆಡುತ್ತಾ ತಿನ್ನುತ್ತಾ ಇದ್ದಾಗ ತಟ್ಟನೆ ಕೆಮ್ಮು ಶುರುವಾಯಿತೇ? ಜ್ವರ, ನೆಗಡಿ ಏನೂ ಇಲ್ಲದೆ ಒಂದೇ ಗಳಿಗೆಯಲ್ಲಿ ಶುರುವಾದ ಕೆಮ್ಮು, ಒಂದೇ ಪಕ್ಕದ ಸುಂಯ್ ಸದ್ದು ಇದ್ದರೆ ಬೀಜ ಶ್ವಾಸನಾಳಕ್ಕೆ ಹೋಗಿರಬಹುದು. ಆಮೇಲೆ ಕೆಮ್ಮು ಕಡಿಮೆಯಾದರೂ ಬೀಜ ಒಳಗೇ ಇರುತ್ತದೆ, ದಿನ ಕಳೆದು ನ್ಯುಮೋನಿಯಾ ಆಗುತ್ತದೆ. ಪೂರ್ತಿ ಸಿಕ್ಕಿಕೊಂಡು ಅಳಲೂ ಕೆಮ್ಮಲೂ ಆಗದಿದ್ದರೆ, ವರ್ಷದೊಳಗಿನ ಕೂಸನ್ನು ತಲೆ ಕೆಳಗೆ ಬರುವಂತೆ ಮುಂಗೈ ಮೇಲೆ ಬೋರಲು ಹಾಕಿ ಭುಜಗಳ ನಡುವೆ 5 ಏಟು, ತಿರುಗಿಸಿ ಎದೆ ಮೂಳೆಯ ಮೇಲೆ ಎರಡು ಬೆರಳಿನಿಂದ 5 ಒತ್ತು, ಹೊರಬರುವವರೆಗೂ ಹೀಗೇ. ಕಣ್ಣಿಗೆ ಕಾಣದ ಬೀಜಕ್ಕಾಗಿ ಗಂಟಲಿಗೆ ಬೆರಳು ಹಾಕಿದರೆ ಅದು ಇನ್ನೂ ಕೆಳಗಿಳಿಯುತ್ತದೆ.

ಸ್ನಾನದ ನಂತರ ಮೂಗಿಗೆ ಎಣ್ಣೆ ಬಿಡುವುದನ್ನು ನಾನು ಕಡ್ಡಾಯವಾಗಿ ತಡೆಯುತ್ತೇನೆ. ಆ ಎಣ್ಣೆ ಶ್ವಾಸಕೋಶಕ್ಕೆ ಇಳಿದು ಅಲ್ಲೇ ಉಳಿಯುತ್ತದೆ. ಎದೆಗೆ ಕರ್ಪೂರ ಹಚ್ಚುವುದೂ ಬೇಡ, ಎಳೆಮಕ್ಕಳಿಗೆ ಅದರಿಂದ ಫಿಟ್ಸ್ ಬರಬಹುದು. ಸಾಂಬ್ರಾಣಿ ಹೊಗೆ, ಒಲೆಯ ಹೊಗೆ ಎರಡೂ ಒಂದೇ. ಬರೆ ಹಾಕಿಸುವ ಮಾತು ಬಂದರೆ ಅಜ್ಜಿಯನ್ನು ಪಕ್ಕಕ್ಕೆ ಕೂರಿಸಿಕೊಂಡು, ಪಕ್ಕೆ ಗುಳಿ ಬೀಳುವುದನ್ನು ಬೆರಳಿಟ್ಟು ತೋರಿಸುತ್ತೇನೆ. "ಅಮ್ಮಾ, ಇದು ಒಳಗಿಂದು, ಮೇಲೆ ಸುಟ್ಟರೆ ಹೋಗಲ್ಲ." ಕಣ್ಣಾರೆ ಕಂಡ ಅಜ್ಜಿ ಸಾಮಾನ್ಯವಾಗಿ ನಮ್ಮ ಕಡೆಗೇ ಬರುತ್ತಾರೆ.

ಕಳಿಸಬೇಕೆಂದಾದರೆ 108ಕ್ಕೆ ಕರೆ ಮಾಡಿ, ಅದು ಬರುವ ಹೊತ್ತಿನಲ್ಲಿ ಚೀಟಿ ಬರೆಯುತ್ತೇನೆ: ಎಷ್ಟು ಗಂಟೆಗೆ ಎಣಿಸಿದ್ದು, ಎಷ್ಟು ಬಂತು, ಸೆಳೆತ ಇದೆಯೇ, ಕೊನೆಯ ಸಲ ಹಾಲು ಕುಡಿದದ್ದು ಯಾವಾಗ, ಏನು ಔಷಧಿ ಕೊಟ್ಟಿದೆ. ಮೊಳಕಾಲ್ಮೂರು ಕಡೆಯವರಿಗೆ ಚಿತ್ರದುರ್ಗಕ್ಕಿಂತ ಬಳ್ಳಾರಿ ಹತ್ತಿರ, ಆಗ ಜಿಲ್ಲೆಯ ಗಡಿ ನೋಡುತ್ತ ಕೂರಬಾರದು. ದಾರಿಯಲ್ಲಿ ಮಗು ತಾಯಿಯ ಎದೆಗೆ ಒರಗಿ ತಲೆ ಎತ್ತರದಲ್ಲಿರಲಿ, ಕತ್ತು ಮುಂದಕ್ಕೆ ಬಾಗದಿರಲಿ. ತಿಂಗಳೊಳಗಿನ ಕೂಸಾದರೆ ತಾಯಿಯ ಮೈಗೆ ಮೈ ತಾಗಿಸಿ ಸೆರಗು ಹೊದಿಸಬೇಕು. ಮೈ ತಣ್ಣಗಾದರೆ ಉಸಿರಿನ ಕಷ್ಟ ಹೆಚ್ಚುತ್ತದೆ. ಏದುಸಿರು ಬಿಡುತ್ತಿರುವ ಮಗುವಿನ ಬಾಯಿಗೆ ಒಳಲೆಯಲ್ಲಿ ಹಾಲು ಹುಯ್ಯಬಾರದು, ನೆತ್ತಿಗೇರುತ್ತದೆ.

ಬರೀ ನೆಗಡಿ ಎಂದು ಮನೆಯಲ್ಲೇ ಬಿಟ್ಟ ಮಗುವಿನ ತಾಯಿಗೂ ಎಣಿಸುವುದನ್ನು ಕಲಿಸಿ ಬರುತ್ತೇನೆ. ನಿದ್ದೆಯಲ್ಲಿದ್ದಾಗ, ಅಂಗಿ ಎತ್ತಿ, ದೀಪದ ಬೆಳಕಿನಲ್ಲಿ, ರಾತ್ರಿ ಒಮ್ಮೆ, ಬೆಳಗ್ಗೆ ಒಮ್ಮೆ. ನನ್ನ ಮುಂದೆಯೇ ಒಂದು ಸಲ ಎಣಿಸಿ ತೋರಿಸಬೇಕು. ಅವರ ಅಂಕಿಯೂ ನನ್ನದೂ ಎರಡು ಮೂರರ ಒಳಗೆ ಹೊಂದಿದ ಮೇಲೆ ನಾನು ಎದ್ದು ಹೊರಡುವುದು. ಎರಡನೆಯ ದಿನ ಮತ್ತೆ ಹೋಗಿ ನೋಡುತ್ತೇನೆ.