ಅಂತರರಾಷ್ಟ್ರೀಯ ಆರೋಗ್ಯದಲ್ಲಿ ವೃತ್ತಿಪರ ಡಾಕ್ಟರೇಟ್: ಮೊದಲು ಸಮಸ್ಯೆ, ಆಮೇಲೆ ವಿಶ್ವವಿದ್ಯಾಲಯ

ಲಸಿಕೆ, ಕ್ಷಯ ನಿಯಂತ್ರಣ, ತಾಯಿ–ಮಗುವಿನ ಆರೋಗ್ಯದಂಥ ಕಾರ್ಯಕ್ರಮಗಳಲ್ಲಿ ಐದಾರು ವರ್ಷ ಪಳಗಿದವರಿಗೆ ಡಾಕ್ಟರೇಟ್ ಮಾಡಬೇಕೆನ್ನಿಸುವುದು ಸಹಜ. ಅನ್ನಿಸಿದೊಡನೆ ಬಹುತೇಕರು ಮಾಡುವ ಮೊದಲ ಕೆಲಸ ವಿಶ್ವವಿದ್ಯಾಲಯಗಳ ರ್‍ಯಾಂಕಿಂಗ್ ಪಟ್ಟಿ ತೆರೆದು ಕೂರುವುದು. ವೃತ್ತಿಪರ ಡಾಕ್ಟರೇಟ್‌ನ ಮಟ್ಟಿಗೆ ಅದನ್ನು ಕೊನೆಗೆ ಇಟ್ಟುಕೊಳ್ಳಬೇಕು. ಯಾವ ಸಮಸ್ಯೆ ಹಿಡಿಯುತ್ತೀರಿ, ಅದರ ದಾಖಲೆಗಳು ನಿಮ್ಮ ಕೈಗೆ ಸಿಗುತ್ತವೆಯೇ ಎಂಬೆರಡು ಪ್ರಶ್ನೆಗಳು ಇತ್ಯರ್ಥವಾಗದೆ ಸೀಟು ಸಿಕ್ಕರೆ, ತರಗತಿಗಳೆಲ್ಲ ಮುಗಿದು ಸಂಶೋಧನೆಗೆ ಇಳಿಯುವ ಹೊತ್ತಿಗೆ ಬಂಡಿ ನಿಲ್ಲುತ್ತದೆ.

ಪಿಎಚ್‌.ಡಿ.ಯೋ, ಡಿಆರ್‌ಪಿಎಚ್‌ಓ?

ಈ ಕ್ಷೇತ್ರದ ವೃತ್ತಿಪರ ಪದವಿಯ ಹೆಸರು ಸಾಮಾನ್ಯವಾಗಿ ಡಾಕ್ಟರ್ ಆಫ್ ಪಬ್ಲಿಕ್ ಹೆಲ್ತ್, ಚಿಕ್ಕದಾಗಿ ಡಿಆರ್‌ಪಿಎಚ್. ಪಿಎಚ್‌.ಡಿ. ಹೊಸ ಜ್ಞಾನವನ್ನು ಕೇಳುತ್ತದೆ. ಡಿಆರ್‌ಪಿಎಚ್ ಕೇಳುವುದು ಬೇರೆ: ಪರಿಹಾರ ಗೊತ್ತಿದ್ದೂ ಅದು ಜನರನ್ನು ಏಕೆ ತಲುಪುತ್ತಿಲ್ಲ, ಯಾರು ಏನನ್ನು ಬದಲಿಸಿದರೆ ತಲುಪೀತು? ದಡಾರ ಲಸಿಕೆ ಕೆಲಸ ಮಾಡುತ್ತದೆಂದು ಯಾರೂ ಇನ್ನು ಸಾಬೀತು ಮಾಡಬೇಕಿಲ್ಲ. ಲಸಿಕೆಯನ್ನು ಸಾಗಣೆಯುದ್ದಕ್ಕೂ ತಂಪಾಗಿಡುವ ಶೀತಲ ಸರಪಳಿ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸರಿಯಾಗಿಯೇ ಇದ್ದರೂ ಮೊದಲ ಡೋಸ್ ಪಡೆದ ಮಕ್ಕಳು ಎರಡನೆಯದಕ್ಕೆ ಬರದಿರುವುದು ಏಕೆ ಎಂಬುದು ಡಿಆರ್‌ಪಿಎಚ್‌ಗೆ ತಕ್ಕ ಪ್ರಶ್ನೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಈ ಪದವಿಯಲ್ಲಿ ನೀವು ಓದಬೇಕಾದದ್ದು ಪೂಜಾರಿಯನ್ನು. ಬೋಧನೆ, ಪೂರ್ಣಾವಧಿ ಸಂಶೋಧನೆಯೇ ಗುರಿಯಾಗಿದ್ದರೆ ಪಿಎಚ್‌.ಡಿ.ಗೇ ಹೋಗಿ, ಅಲ್ಲಿ ಶಿಷ್ಯವೇತನ ಸಿಗುವ ಸಾಧ್ಯತೆಯೂ ಹೆಚ್ಚು. ಡಿಆರ್‌ಪಿಎಚ್‌ಗೆ ಸೇರುವವರು ಹೆಚ್ಚಾಗಿ ಸ್ವಂತ ಹಣ ಅಥವಾ ಉದ್ಯೋಗದಾತರ ನೆರವನ್ನೇ ನೆಚ್ಚಬೇಕಾಗುತ್ತದೆ.

ಸ್ವರೂಪವೂ ಎಲ್ಲೆಡೆ ಒಂದೇ ಅಲ್ಲ. ಜಾನ್ಸ್ ಹಾಪ್ಕಿನ್ಸ್‌ನದು ಕೆಲಸದಲ್ಲಿರುವವರಿಗೆಂದೇ ರೂಪಿಸಿದ ಅರೆಕಾಲಿಕ, ಬಹುಪಾಲು ಆನ್‌ಲೈನ್ ಕೋರ್ಸು. ಹಾರ್ವರ್ಡ್ 2014ರಲ್ಲಿ ಶುರು ಮಾಡಿದ್ದು ಪೂರ್ಣಾವಧಿಯದು. ಲಂಡನ್ ಸ್ಕೂಲ್ ಆಫ್ ಹೈಜೀನ್ ಆ್ಯಂಡ್ ಟ್ರಾಪಿಕಲ್ ಮೆಡಿಸಿನ್‌ನಲ್ಲಿ ತರಗತಿಗಳ ನಂತರ ಒಂದು ಸಂಸ್ಥೆಯ ಒಳಗೆ ಕುಳಿತು ಅದರ ಕಾರ್ಯವೈಖರಿ, ನೀತಿಗಳನ್ನು ವಿಶ್ಲೇಷಿಸುವ ಯೋಜನೆ ಮಾಡಬೇಕು, ಪ್ರಬಂಧ ಆಮೇಲೆ. ಪದವಿಪತ್ರದಲ್ಲಿ ‘ಅಂತರರಾಷ್ಟ್ರೀಯ ಆರೋಗ್ಯ’ ಎಂದೇ ಅಚ್ಚಾಗಿರಬೇಕೆಂಬ ಹಟ ಬೇಡ. ಬಹಳ ಕಡೆ ಅದು ಸಾರ್ವಜನಿಕ ಆರೋಗ್ಯದೊಳಗಿನ ಒಂದು ವಿಶೇಷ ವಿಭಾಗವಾಗಿರುತ್ತದೆ, ಕೆಲವೆಡೆ ‘ಜಾಗತಿಕ ಆರೋಗ್ಯ’ ಎಂಬ ಹೆಸರಿರುತ್ತದೆ.

ಅಮೆರಿಕದಲ್ಲಿ ಸಾರ್ವಜನಿಕ ಆರೋಗ್ಯ ಕೋರ್ಸುಗಳಿಗೆ ಮಾನ್ಯತೆ ಕೊಡುವ ಸಿಇಪಿಎಚ್ ಮಂಡಳಿ 2016ರ ಮಾನದಂಡಗಳಲ್ಲಿ ಡಿಆರ್‌ಪಿಎಚ್‌ಗೆ 20 ಮೂಲ ಸಾಮರ್ಥ್ಯಗಳನ್ನು ಗೊತ್ತು ಮಾಡಿತು: ದತ್ತಾಂಶ ವಿಶ್ಲೇಷಣೆ, ನಾಯಕತ್ವ ಮತ್ತು ಆಡಳಿತ, ನೀತಿ ಮತ್ತು ಕಾರ್ಯಕ್ರಮ, ಶಿಕ್ಷಣ ಮತ್ತು ಸಿಬ್ಬಂದಿ ಅಭಿವೃದ್ಧಿ ಎಂಬ ನಾಲ್ಕು ಗುಂಪುಗಳಲ್ಲಿ. ಸ್ನಾತಕೋತ್ತರ ಪದವಿಯ ಮೇಲೆ ಕನಿಷ್ಠ 36 ಸೆಮಿಸ್ಟರ್ ಕ್ರೆಡಿಟ್‌ನಷ್ಟು ವ್ಯಾಸಂಗವನ್ನೂ ಅದು ಕೇಳುತ್ತದೆ. ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಮಾಡದೆ ಬೇರೆ ಸ್ನಾತಕೋತ್ತರ ಪದವಿಯಿಂದ ಬಂದವರು ಬುನಾದಿ ವಿಷಯಗಳನ್ನು ಬೇರೆಯಾಗಿ ಪೂರೈಸಬೇಕಾಗುತ್ತದೆ. ಆ ಹೆಚ್ಚುವರಿ ಕಾಲ ಮತ್ತು ಶುಲ್ಕವನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ. ಆನ್‌ಲೈನ್ ಡಾಕ್ಟರೇಟನ್ನು ನಿಮ್ಮ ಉದ್ಯೋಗದಾತರು ಬಡ್ತಿಗೆ ಪರಿಗಣಿಸುತ್ತಾರೆಯೇ ಎಂದು ಸೇರುವ ಮುಂಚೆಯೇ ಲಿಖಿತವಾಗಿ ಕೇಳಿಕೊಳ್ಳುವುದು ಒಳ್ಳೆಯದು.

ಒಂದು ಪುಟದ ಪರೀಕ್ಷೆ

ಅರ್ಜಿಗೆ 12ರಿಂದ 15 ತಿಂಗಳು ಮುಂಚೆ ಒಂದು ಪುಟ ಬರೆಯಿರಿ. ಅದರಲ್ಲಿ ಇರಬೇಕಾದದ್ದು ನಾಲ್ಕೇ ಸಂಗತಿ: ಸಮಸ್ಯೆ ಏನು, ಅದರ ಬಗ್ಗೆ ನಿರ್ಧಾರ ಕೈಗೊಳ್ಳುವ ಹುದ್ದೆ ಯಾವುದು, ನಿಮ್ಮ ಉತ್ತರ ಬಂದರೆ ಯಾವ ನಿರ್ಧಾರ ಬದಲಾಗಬಹುದು, ದತ್ತಾಂಶ ಯಾರ ಬಳಿ ಇದೆ. ಎರಡನೆಯ ಸಾಲು ಖಾಲಿ ಉಳಿದರೆ ಆ ವಿಷಯ ಈ ಪದವಿಗೆ ಒಗ್ಗುವುದಿಲ್ಲ.

‘ಬಡ ದೇಶಗಳಲ್ಲಿ ಅಪೌಷ್ಟಿಕತೆ’ ಎಂಬುದು ವಿಷಯವೇ ಅಲ್ಲ, ಅದೊಂದು ಗ್ರಂಥಾಲಯ. 6ರಿಂದ 59 ತಿಂಗಳ ಮಕ್ಕಳ ತೋಳಿನ ಸುತ್ತಳತೆ 115 ಮಿ.ಮೀ.ಗಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ ಎಂದು ಗುರುತಿಸುತ್ತಾರೆ. ಹಾಗೆ ಗುರುತಿಸಿದ ಮಕ್ಕಳಲ್ಲೂ ಕೆಲವರು ಚಿಕಿತ್ಸಾ ಕೇಂದ್ರಕ್ಕೆ ಬರುವುದಿಲ್ಲ. ಒಂದೆರಡು ಜಿಲ್ಲೆಗಳಲ್ಲಿ, ಒಂದು ಕಾರ್ಯಕ್ರಮದೊಳಗೆ, ಅಳತೆಯ ಪಟ್ಟಿಗೂ ಚಿಕಿತ್ಸೆಗೂ ನಡುವೆ ಮಕ್ಕಳು ಎಲ್ಲಿ ಕಳೆದುಹೋಗುತ್ತಾರೆ ಎಂದು ಹುಡುಕಿದರೆ ಅದು ಕೈಗೆಟಕುವ ವಿಷಯ.

ಅರ್ಜಿ

ಅಮೆರಿಕದ ಅನೇಕ ಶಾಲೆಗಳಿಗೆ ಸೋಫಾಸ್ ಎಂಬ ಒಂದೇ ಜಾಲತಾಣದ ಮೂಲಕ ಅರ್ಜಿ ಹೋಗುತ್ತದೆ. ಬೇರೆ ದೇಶದ ಅಂಕಪಟ್ಟಿಗಳಿಗೆ ವಿಷಯವಾರು ಮೌಲ್ಯಮಾಪನ ಮಾಡಿಸಬೇಕು. ತಡವಾಗುವುದು ಇಲ್ಲೇ, ಏಕೆಂದರೆ ಹಳೆಯ ವಿಶ್ವವಿದ್ಯಾಲಯ ಮುಚ್ಚಿದ ಲಕೋಟೆಯಲ್ಲಿ ಅಂಕಪಟ್ಟಿ ಕಳುಹಿಸುವವರೆಗೆ ಕಡತ ಅಲ್ಲಾಡುವುದಿಲ್ಲ. ಮೊದಲು ಅದನ್ನೇ ಶುರು ಮಾಡಿ.

ಉದ್ದೇಶಪತ್ರದಲ್ಲಿ ಬಾಲ್ಯದ ಕಥೆ ಬೇಡ. ಯಾವ ತಂಡ ನಡೆಸಿದಿರಿ, ಯಾವ ನಿರ್ಧಾರ ತೆಗೆದುಕೊಂಡಿರಿ, ಅದು ಎಲ್ಲಿ ಎಡವಿತು, ಈಗ ಯಾವ ಕೌಶಲ ಸಾಲದು ಎಂದು ಬರೆಯಿರಿ. ಶಿಫಾರಸು ಪತ್ರಕ್ಕೆ ಹತ್ತು ವರ್ಷದ ಹಿಂದಿನ ಪ್ರಾಧ್ಯಾಪಕರಿಗಿಂತ, ನೀವು ಬಜೆಟ್ ನಿಭಾಯಿಸಿದ್ದನ್ನು ಕಣ್ಣಾರೆ ಕಂಡ ಮೇಲಧಿಕಾರಿಯ ಮಾತಿಗೆ ತೂಕ ಹೆಚ್ಚು. ಮಾರ್ಗದರ್ಶಕರಾಗಬಹುದಾದವರಿಗೆ ಆ ಒಂದು ಪುಟವನ್ನೇ ಕಳುಹಿಸಿ. ಅವರ ಬಳಿ ಈಗ ಎಷ್ಟು ವಿದ್ಯಾರ್ಥಿಗಳಿದ್ದಾರೆ, ಹಿಂದಿನವರು ಎಷ್ಟು ವರ್ಷದಲ್ಲಿ ಮುಗಿಸಿದರು ಎಂದು ಸಂಕೋಚವಿಲ್ಲದೆ ಕೇಳಿ.

ತರಗತಿಗಳ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ. ಸಂಖ್ಯಾಶಾಸ್ತ್ರ ಮರೆತಿದ್ದರೆ ಆರ್ ಅಥವಾ ಸ್ಟೇಟಾ ತಂತ್ರಾಂಶವನ್ನು ಸೇರುವ ಮೊದಲೇ ರೂಢಿಸಿಕೊಳ್ಳಿ. ಸಾಧ್ಯವಿರುವ ಪ್ರತಿ ಅಸೈನ್‌ಮೆಂಟನ್ನೂ ನಿಮ್ಮ ಸಮಸ್ಯೆಯ ಸುತ್ತಲೇ ಬರೆಯಿರಿ, ಪ್ರಬಂಧದ ಅರ್ಧ ಹಿನ್ನೆಲೆ ಅಲ್ಲೇ ಸಿದ್ಧವಾಗುತ್ತದೆ. ಅರೆಕಾಲಿಕ ಓದಿಗೂ ವಾರಕ್ಕೆ 15ರಿಂದ 20 ಗಂಟೆ ಎತ್ತಿಡಲಾಗದಿದ್ದರೆ ಒಂದು ವರ್ಷ ಮುಂದೂಡುವುದೇ ಲೇಸು.

ಅನುಮತಿಗಳ ಸರಣಿ

ಕಾಲ ನಿಜವಾಗಿ ಸೋರುವುದು ಇಲ್ಲಿ. ಒಂದು ದೇಶದ ವಿಶ್ವವಿದ್ಯಾಲಯದಲ್ಲಿದ್ದು ಇನ್ನೊಂದು ದೇಶದಲ್ಲಿ ದತ್ತಾಂಶ ಸಂಗ್ರಹಿಸುವಾಗ ಸಾಮಾನ್ಯವಾಗಿ ಸಂಶೋಧನೆಯಲ್ಲಿ ಪಾಲ್ಗೊಳ್ಳುವವರ ಹಿತ ಕಾಯುವ ನೈತಿಕ ಸಮಿತಿಗಳ ಒಪ್ಪಿಗೆ ಎರಡೂ ಕಡೆ ಬೇಕು. ಅದರ ಮೇಲೆ ಆರೋಗ್ಯ ಸಚಿವಾಲಯದ ಅನುಮತಿ, ಜಿಲ್ಲಾ ಮಟ್ಟದ ಪತ್ರ, ಕೆಲವೆಡೆ ಸಂಶೋಧನಾ ಪರವಾನಗಿ, ದತ್ತಾಂಶ ಹಂಚಿಕೆ ಒಪ್ಪಂದ. ವಿಶ್ವವಿದ್ಯಾಲಯದವರು ಸ್ಥಳೀಯ ಒಪ್ಪಿಗೆ ತನ್ನಿ ಎನ್ನುತ್ತಾರೆ. ಸ್ಥಳೀಯ ಸಮಿತಿ ವಿಶ್ವವಿದ್ಯಾಲಯದ ಪತ್ರ ಎಲ್ಲಿ ಎನ್ನುತ್ತದೆ. ಯಾರು ಮೊದಲು ಎಂಬುದನ್ನು ಎರಡೂ ಕಚೇರಿಗಳಿಗೆ ಮುಂಚಿತವಾಗಿ ಬರೆದು ಕೇಳಿ. ಯಾರಾದರೊಬ್ಬರಿಂದ ಷರತ್ತಿನ ಒಪ್ಪಿಗೆ ಪಡೆದರೆ ಗಂಟು ಬಿಡಿಸಿಕೊಳ್ಳುತ್ತದೆ.

ಪ್ರತಿ ಕಡತದ ಮೇಲೂ ಆವೃತ್ತಿ ಸಂಖ್ಯೆ, ದಿನಾಂಕ ಇರಲಿ. ಸಮ್ಮತಿ ಪತ್ರದಲ್ಲಿ ಒಂದು ಸಮಿತಿ ಎರಡು ಸಾಲು ತಿದ್ದಿಸಿದರೂ ಆ ತಿದ್ದುಪಡಿ ಇನ್ನೊಂದು ಸಮಿತಿಗೆ ಮತ್ತೆ ಹೋಗಬೇಕು. ಸ್ಥಳೀಯ ಭಾಷೆಯ ಸಮ್ಮತಿ ಪತ್ರವನ್ನು ಬೇರೊಬ್ಬರಿಂದ ಮರುಅನುವಾದ ಮಾಡಿಸಿ ಮೂಲದೊಂದಿಗೆ ತಾಳೆ ನೋಡಿ. ತಿಂಗಳಿಗೊಮ್ಮೆ ಅಥವಾ ಮೂರು ತಿಂಗಳಿಗೊಮ್ಮೆ ಸೇರುವ ಸಮಿತಿಗಳಿರುವುದರಿಂದ ಸಲ್ಲಿಕೆಯ ಕೊನೆಯ ದಿನ ತಪ್ಪಿದರೆ ಒಂದು ಸುತ್ತು ಹೋದಂತೆಯೇ. ಇಡೀ ಸರಣಿಗೆ ಆರರಿಂದ ಒಂಬತ್ತು ತಿಂಗಳು ಮೀಸಲಿಡಿ.

ಸ್ವಂತ ಕಚೇರಿಯಲ್ಲೇ ಅಧ್ಯಯನ ಮಾಡುವವರಿಗೆ ಇನ್ನೊಂದು ಕಂಟಕವಿದೆ. ನಿಮ್ಮ ಕೈಕೆಳಗಿನ ನರ್ಸನ್ನು ನೀವೇ ಸಂದರ್ಶಿಸಿದರೆ ಆಕೆಯ ಒಪ್ಪಿಗೆ ಮುಕ್ತವಾದದ್ದೆಂದು ಯಾವ ಸಮಿತಿಯೂ ನಂಬುವುದಿಲ್ಲ. ಸಂದರ್ಶನವನ್ನು ಹೊರಗಿನವರಿಂದ ಮಾಡಿಸಿ, ಹೆಸರು ತೆಗೆದ ಪ್ರತಿಯನ್ನಷ್ಟೇ ನೀವು ನೋಡಿ. ಹೆಸರು ತೆಗೆದರೂ ‘ಆ ಜಿಲ್ಲೆಯ ಲಸಿಕಾ ಅಧಿಕಾರಿ’ ಎಂದು ಬರೆದರೆ ಗುರುತು ಸಿಕ್ಕೇ ಸಿಗುತ್ತದೆ. ಅಂಥ ಹುದ್ದೆ ಜಿಲ್ಲೆಗೊಂದೇ ಇರುವುದಲ್ಲವೇ?

ದತ್ತಾಂಶ ಮತ್ತು ಚೌಕಟ್ಟು

ಆರ್‌ಇ-ಎಐಎಂ (1999) ಅಥವಾ ಸಿಎಫ್‌ಐಆರ್ (2009) ನಂಥ ಅನುಷ್ಠಾನ ಚೌಕಟ್ಟನ್ನು (ಕಾರ್ಯಕ್ರಮ ಜಾರಿಯಾದ ಬಗೆ ತಿಳಿಯಲು ಯಾವ ಅಂಶಗಳನ್ನು ನೋಡಬೇಕೆಂಬ ಪಟ್ಟಿ) ಪ್ರಶ್ನಾವಳಿ ಬರೆಯುವ ಮುನ್ನವೇ ಆರಿಸಿ. ಸಂದರ್ಶನಗಳೆಲ್ಲ ಮುಗಿದ ಮೇಲೆ ಚೌಕಟ್ಟು ಅಂಟಿಸಿದರೆ ಅದರ ಅರ್ಧ ಅಂಶಗಳಿಗೆ ಮಾಹಿತಿಯೇ ಇರುವುದಿಲ್ಲ. ಒಂದು ಗಂಟೆಯ ಧ್ವನಿಮುದ್ರಣವನ್ನು ಅಕ್ಷರಕ್ಕಿಳಿಸಲು ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ. 25 ಸಂದರ್ಶನಗಳಿಗೆ 100ರಿಂದ 150 ಗಂಟೆ, ಅನುವಾದ ಬೇರೆ. ಇದನ್ನು ಬಜೆಟ್‌ನಲ್ಲಿ ತೋರಿಸದ ಪ್ರಸ್ತಾವನೆಗಳೇ ಜಾಸ್ತಿ.

ಸಮೀಕ್ಷಾ ದತ್ತಾಂಶಕ್ಕೆ ಒಂದೇ ಮೂಲವನ್ನು ನೆಚ್ಚಬೇಡಿ. 1984ರಿಂದ ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್ ಹಣದಲ್ಲಿ ನಡೆಯುತ್ತಿದ್ದ ಡಿಎಚ್‌ಎಸ್ (ಜನಸಂಖ್ಯೆ ಮತ್ತು ಆರೋಗ್ಯ) ಸಮೀಕ್ಷಾ ಕಾರ್ಯಕ್ರಮಕ್ಕೆ 2025ರಲ್ಲಿ ಆ ನೆರವು ನಿಂತುಹೋಯಿತು. ಅದನ್ನೇ ಆಧರಿಸಿ ಯೋಜನೆ ಹಾಕಿಕೊಂಡವರಿಗೆ ಬದಲಿ ಹುಡುಕಬೇಕಾಯಿತು. ಯುನಿಸೆಫ್‌ನ ಎಂಐಸಿಎಸ್ ಸಮೀಕ್ಷೆ, ಸರ್ಕಾರಗಳು ಡಿಎಚ್‌ಐಎಸ್2 ತಂತ್ರಾಂಶದಲ್ಲಿ ದಾಖಲಿಸುವ ಮಾಸಿಕ ವರದಿಗಳು ಪರ್ಯಾಯವಾಗಬಲ್ಲವು. ಮಾಸಿಕ ವರದಿಗಳಲ್ಲಿ ಲಸಿಕೆ ವ್ಯಾಪ್ತಿ ಶೇ 110 ಎಂದು ಕಂಡರೆ ಹೌಹಾರಬೇಡಿ: ಭಾಜಕವಾದ ಮಕ್ಕಳ ಸಂಖ್ಯೆಯನ್ನು ಹಳೆಯ ಜನಗಣತಿಯಿಂದ ಅಂದಾಜಿಸಿರುತ್ತಾರೆ, ಪಕ್ಕದ ಜಿಲ್ಲೆಯ ಮಕ್ಕಳೂ ಬಂದು ಲಸಿಕೆ ಪಡೆದಿರುತ್ತಾರೆ. ಎಷ್ಟು ಕೇಂದ್ರಗಳು ಆ ತಿಂಗಳು ವರದಿಯನ್ನೇ ಕಳುಹಿಸಿಲ್ಲ ಎಂದು ಮೊದಲು ಎಣಿಸಿ, ಆಮೇಲೆ ರೇಖಾಚಿತ್ರ ಬಿಡಿಸಿ.

ಪ್ರಬಂಧ, ಒಪ್ಪಂದ, ವರ್ಗಾವಣೆ

ಕೆಲವು ಶಾಲೆಗಳು ಒಂದೇ ಪ್ರಬಂಧ ಕೇಳುತ್ತವೆ, ಕೆಲವು ಮೂರು ಪ್ರಕಟಣಾಯೋಗ್ಯ ಲೇಖನಗಳನ್ನು ಒಪ್ಪುತ್ತವೆ. ರೂಪ ಯಾವುದಾದರೂ ಶಿಫಾರಸಿನ ಅಧ್ಯಾಯವೇ ಇದರ ತಿರುಳು. ‘ಜಾಗೃತಿ ಹೆಚ್ಚಿಸಬೇಕು’ ಎಂಬ ಸಾಲು ಕಂಡರೆ ಪರೀಕ್ಷಕರು ನಿಲ್ಲಿಸಿ ಕೇಳುತ್ತಾರೆ: ಯಾರು, ಯಾವ ಬಜೆಟ್‌ನಿಂದ, ಎಷ್ಟರೊಳಗೆ?

ಫಲಿತಾಂಶ ಸಂಸ್ಥೆಗೆ ಇರಿಸುಮುರಿಸು ತಂದರೂ ಪ್ರಕಟಿಸಲು ಅಡ್ಡಿಯಿಲ್ಲ ಎಂಬ ಒಪ್ಪಿಗೆಯನ್ನು ಅಧ್ಯಯನ ಶುರುವಾಗುವ ಮೊದಲೇ ಲಿಖಿತವಾಗಿ ಪಡೆಯಿರಿ. ಫಲಿತಾಂಶ ಕಂಡ ಮೇಲೆ ಅದು ಸಿಗುವುದಿಲ್ಲ. ಪರಿಚಯದ ಅಧಿಕಾರಿಯ ಮೌಖಿಕ ಭರವಸೆ ಅವರ ವರ್ಗಾವಣೆಯೊಂದಿಗೇ ಹೋಗುತ್ತದೆ. ಆದ್ದರಿಂದ ಒಪ್ಪಂದ ಹುದ್ದೆಯ ಹೆಸರಿನಲ್ಲಿರಲಿ, ಎರಡನೆಯ ಸಂಪರ್ಕಾಧಿಕಾರಿಯ ಹುದ್ದೆಯೂ ಅದರಲ್ಲಿ ನಮೂದಾಗಲಿ. ನಡುವೆ ನೀವೇ ಕೆಲಸ ಬದಲಿಸಿದರೂ ದತ್ತಾಂಶ ಬಳಸುವ ಹಕ್ಕು ಪ್ರಬಂಧ ಸಲ್ಲಿಕೆಯವರೆಗೆ ಮುಂದುವರಿಯುತ್ತದೆ ಎಂಬ ಒಂದು ಷರತ್ತನ್ನು ಸೇರಿಸಿಕೊಳ್ಳಿ.